ಸನ್ ಯಾತ್-ಸೆನ್ ಗಡಿಪಾರು ಪ್ರಕರಣ, ಹಾಂಗ್‌ಕಾಂಗ್

ಚೀನಾದ ಕ್ರಾಂತಿಕಾರಿ ನಾಯಕ ಸನ್ ಯಾತ್-ಸೆನ್ (1866–1925) ಹಾಂಗ್‌ಕಾಂಗ್‌ಗೆ ಕಾಲಿಡಬಾರದೆಂದು ಅಲ್ಲಿನ ಬ್ರಿಟಿಷ್ ಸರ್ಕಾರ 1896ರ ಮಾರ್ಚ್ 4ರಂದು ಆಜ್ಞೆ ಹೊರಡಿಸಿತು. ಅದರ ಅವಧಿ ಐದು ವರ್ಷ. ಆಗ ಗವರ್ನರ್ ಆಗಿದ್ದವರು ವಿಲಿಯಂ ರಾಬಿನ್ಸನ್.

ಸನ್ ಆ ಊರಿಗೆ ಹೊಸಬರಲ್ಲ. 1892ರಲ್ಲಿ ವೈದ್ಯ ಪದವಿ ಪಡೆದದ್ದು ಅಲ್ಲೇ. 1895ರಲ್ಲಿ ಚಿಂಗ್ ಅರಸೊತ್ತಿಗೆಯ ವಿರುದ್ಧ ಕ್ಯಾಂಟನ್ ದಂಗೆಗೆ ಸಂಚು ಹೂಡಿದ್ದೂ ಅಲ್ಲಿಂದಲೇ. ಸಂಚು ಬಯಲಾಗಿ ಗೆಳೆಯ ಲು ಹಾವೊದುಂಗ್ ಮರಣದಂಡನೆಗೆ ಗುರಿಯಾದರು. ಸನ್ ತಪ್ಪಿಸಿಕೊಂಡು ಜಪಾನ್ ಸೇರಿದರು. ಬ್ರಿಟಿಷ್ ಪ್ರಜೆಯಲ್ಲದವರನ್ನು ನ್ಯಾಯಾಲಯದ ವಿಚಾರಣೆಯಿಲ್ಲದೆ ಹೊರಹಾಕುವ ಅಧಿಕಾರ ಗವರ್ನರ್ ಮತ್ತು ಅವರ ಕಾರ್ಯಕಾರಿ ಮಂಡಳಿಗೆ ಇತ್ತು. ಸನ್ ವಿರುದ್ಧ ಬಳಕೆಯಾದದ್ದು ಅದೇ.

1896ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಚೀನೀ ರಾಯಭಾರ ಕಚೇರಿ ಸನ್‌ರನ್ನು ಕೂಡಿಹಾಕಿದಾಗ ಬ್ರಿಟಿಷ್ ಸರ್ಕಾರವೇ ಒತ್ತಡ ಹೇರಿ ಬಿಡಿಸಿತು. ಹಾಂಗ್‌ಕಾಂಗ್ ಮಾತ್ರ ಕರಗಲಿಲ್ಲ. ಮರುವರ್ಷ ಸನ್ ಪತ್ರ ಬರೆದು ತಮ್ಮ ಮೇಲಿನ ನಿಷೇಧದ ಬಗ್ಗೆ ವಿಚಾರಿಸಿದರು. ವಸಾಹತು ಕಾರ್ಯದರ್ಶಿ ಸ್ಟುವರ್ಟ್ ಲಾಕ್‌ಹಾರ್ಟ್ ಕೊಟ್ಟ ಉತ್ತರದ ತಿರುಳು ಇದು: ಸ್ನೇಹದಿಂದಿರುವ ನೆರೆಯ ಸಾಮ್ರಾಜ್ಯದ ವಿರುದ್ಧ ಸಂಚು ನಡೆಸುವವರಿಗೆ ಇಲ್ಲಿ ಆಶ್ರಯವಿಲ್ಲ, ಬಂದಿಳಿದರೆ ಬಂಧಿಸಲಾಗುವುದು. ಐರಿಷ್ ಸದಸ್ಯ ಮೈಕೆಲ್ ಡೇವಿಟ್ 1898ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಈ ವಿಷಯ ಎತ್ತಿದರೂ ಆಜ್ಞೆ ಉಳಿಯಿತು.

ಅದೇ 1898ರಲ್ಲಿ ಬೀಜಿಂಗ್‌ನಿಂದ ತಲೆಮರೆಸಿಕೊಂಡು ಬಂದ ಸುಧಾರಣಾವಾದಿ ಕಾಂಗ್ ಯೂವೆಯ್ ಅವರಿಗೆ ಇದೇ ಹಾಂಗ್‌ಕಾಂಗ್ ಪೊಲೀಸ್ ರಕ್ಷಣೆಯಲ್ಲಿ ಆಶ್ರಯ ಕೊಟ್ಟಿತು. ಅವರ ತಲೆಗೂ ಚಿಂಗ್ ಆಸ್ಥಾನ ಬೆಲೆ ಕಟ್ಟಿತ್ತು. ಆದರೆ ಕಾಂಗ್ ಚಕ್ರವರ್ತಿಯನ್ನು ಉಳಿಸಿಕೊಂಡೇ ಆಡಳಿತ ತಿದ್ದಬೇಕೆಂದವರು, ಸನ್ ಅರಸೊತ್ತಿಗೆಯನ್ನೇ ಕಿತ್ತೊಗೆಯಬೇಕೆಂದವರು. ಅಧಿಕಾರಿಗಳ ಅಳತೆಗೋಲು ನ್ಯಾಯಕ್ಕಿಂತ ಹೆಚ್ಚಾಗಿ ಇಂಥ ಲೆಕ್ಕಾಚಾರವನ್ನು ಅನುಸರಿಸಿತೆಂದು ಈ ಎರಡು ತೀರ್ಮಾನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸ್ಪಷ್ಟವಾಗುತ್ತದೆ.

1900ರ ಜುಲೈನಲ್ಲಿ ಸನ್ ಇದ್ದ ಹಡಗು ಹಾಂಗ್‌ಕಾಂಗ್ ಬಂದರಿಗೆ ಬಂದರೂ ಇಳಿಯಲು ಅನುಮತಿ ಸಿಗಲಿಲ್ಲ. ಸಂಗಡಿಗರ ಜತೆ ಹಡಗಿನಲ್ಲೇ ಮಾತುಕತೆ ನಡೆಸಬೇಕಾಯಿತು. ಬಂಧನದಲ್ಲಿದ್ದ ಜಪಾನೀ ಗೆಳೆಯ ಮಿಯಾಝಾಕಿ ತೋತೆನ್‌ರನ್ನು ಬಿಡಿಸಿಕೊಳ್ಳಲು ಅದೇ ತಿಂಗಳು ಹೋಗಿದ್ದ ಸಿಂಗಾಪುರವೂ ಅವರನ್ನು ಹೊರಗಟ್ಟಿತ್ತು. ಹಾಂಗ್‌ಕಾಂಗ್‌ನ ನಿಷೇಧ ಮುಂದೆ ಮತ್ತೆ ನವೀಕರಣಗೊಂಡಿತು. 1923ರ ಫೆಬ್ರವರಿಯಲ್ಲಿ ಹಾಂಗ್‌ಕಾಂಗ್ ವಿಶ್ವವಿದ್ಯಾಲಯ ಸನ್ ಅವರನ್ನು ಅತಿಥಿಯಾಗಿ ಬರಮಾಡಿಕೊಂಡಾಗ, ತಮ್ಮ ಕ್ರಾಂತಿಕಾರಿ ವಿಚಾರಗಳು ಹುಟ್ಟಿದ್ದು ಈ ಊರಿನಲ್ಲೇ ಎಂದು ಅವರು ವಿದ್ಯಾರ್ಥಿಗಳ ಮುಂದೆ ಹೇಳಿದರು.