ಅಟ್ಟದಿಂದ ಇಳಿಯುವ ಹಾರ್ಮೋನಿಯಂ

ಎಳೆಯ ವಯಸ್ಸಿನಲ್ಲಿ ಕಲಿತು ಬಿಟ್ಟ ವಾದ್ಯವನ್ನು ನಡುವಯಸ್ಸಿನಲ್ಲಿ ಮತ್ತೆ ಕೈಗೆತ್ತಿಕೊಳ್ಳುವುದು ನಗರದವರ ಬಿಡುವಿನ ಹವ್ಯಾಸವೆಂದು ತಿಳಿದವರುಂಟು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಅದು ಊರೊಟ್ಟಿನ ಕೆಲಸ. ಹಬ್ಬಕ್ಕೋ ಜಾತ್ರೆಗೋ ‘ಕುರುಕ್ಷೇತ್ರ’ ಆಡುವುದೆಂದು ಗೊತ್ತಾದೊಡನೆ ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ. ರೇಷ್ಮೆ ಬೆಳೆಗಾರ, ಅಂಗಡಿಯವ, ಬೆಂಗಳೂರಿಗೆ ದಿನವೂ ಹೋಗಿ ಬರುವ ಕಾರ್ಮಿಕ ರಾತ್ರಿ ಊಟ ಮುಗಿಸಿ ಅಭ್ಯಾಸಕ್ಕೆ ಸೇರುತ್ತಾರೆ. ಹುಡುಗನಾಗಿದ್ದಾಗ ಮೇಷ್ಟ್ರ ಪಕ್ಕ ಕುಳಿತು ನಾಲ್ಕು ಹಾಡು ನುಡಿಸಲು ಕಲಿತಿದ್ದವನ ಮನೆಯ ಅಟ್ಟದಿಂದ ಹಳೆಯ ಪೆಟ್ಟಿಗೆಯೂ ಕೆಳಗಿಳಿಯುತ್ತದೆ.

ಈ ಪೆಟ್ಟಿಗೆಯ ತವರು ಪ್ಯಾರಿಸ್. ಅಲ್ಲಿನ ಅಲೆಕ್ಸಾಂಡ್ರ್ ದೆಬೆ ಎಂಬಾತ 1842ರಲ್ಲಿ ಹಾರ್ಮೋನಿಯಂಗೆ ಹಕ್ಕುಪತ್ರ ಪಡೆದ. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲಿಟ್ಟು ಒಂದು ಕೈಯಲ್ಲಿ ತಿದಿಯೊತ್ತುವ ವಾದ್ಯವಾಗಿ ರೂಪಿಸಿದರು. ನಾಟಕದವರಿಗೆ ಮಾತ್ರ ಕಾಲಿನಿಂದ ತಿದಿಯೊತ್ತುವ ಬಗೆಯೇ ಹಿಡಿಸಿತು. ಎರಡೂ ಕೈ ಮನೆಗಳ ಮೇಲೆ ಓಡಬಹುದಲ್ಲ! ವೃತ್ತಿ ಕಂಪನಿಗಳ ಜೊತೆ ಅದು ಹಳೆ ಮೈಸೂರಿನ ಊರೂರು ತಿರುಗಿತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ 1934ರಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ‘ಕುರುಕ್ಷೇತ್ರ’ ಆಡಿದ್ದು ಹೆಸರಾದ ಸಂಗತಿ. ಕಂಪನಿಗಳು ಸೊರಗಿದರೂ ಅವು ಬಿತ್ತಿದ ಕಂದಪದ್ಯ, ಸೀಸಪದ್ಯ, ಮಟ್ಟುಗಳು ಹಳ್ಳಿಗಳಲ್ಲಿ ಉಳಿದವು.

ಶಾಸ್ತ್ರಜ್ಞರು ಈ ವಾದ್ಯವನ್ನು ಒಲ್ಲೆನೆಂದದ್ದಕ್ಕೆ ಕಾರಣವಿಲ್ಲದೆ ಇಲ್ಲ. ಅದರ ಸ್ವರಸ್ಥಾನಗಳು ಮೊದಲೇ ನಿಗದಿಯಾದವು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ ಅದರಲ್ಲಿ ಹೊರಡದು. ರವೀಂದ್ರನಾಥ ಠಾಕೂರರಂಥವರೇ ವಿರೋಧಿಸಿದ್ದರು. 1940ರ ಮಾರ್ಚ್‌ನಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಆಯ್ದ ಕಲಾವಿದರಿಗೆ ಪಕ್ಕವಾದ್ಯವಾಗಿ ಬಾಗಿಲು ತೆರೆದದ್ದು 1971ರಲ್ಲಿ. ಆ ಮೂರು ದಶಕಗಳ ಬಹಿಷ್ಕಾರದ ಬಿಸಿ ಹಳ್ಳಿಯ ನಾಟಕಕ್ಕೆ ತಟ್ಟಲೇ ಇಲ್ಲ ಎನ್ನಬೇಕು. ರೇಡಿಯೊದಲ್ಲಿ ಕೇಳದ ಪೆಟ್ಟಿಗೆ ಊರಮುಂದಿನ ಚಪ್ಪರದಲ್ಲಿ ಬೆಳಗಿನವರೆಗೆ ಮೊಳಗುತ್ತಿತ್ತು.

ಪಂಡಿತರು ದೋಷವೆಂದು ಎಣಿಸಿದ್ದೇ ವಾದ್ಯಕ್ಕೆ ಮರಳಿ ಬರುವವನಿಗೆ ಆಸರೆ. ಪಿಟೀಲನ್ನು ಇಪ್ಪತ್ತು ವರ್ಷ ಬಿಟ್ಟವನ ಬೆರಳು ಸ್ವರದ ಜಾಗ ತಪ್ಪುತ್ತದೆ. ಮೂಡಲಪಾಯ ಯಕ್ಷಗಾನದ ಮುಖವೀಣೆಯ ಮಾತಂತೂ ಇನ್ನೂ ಕಠಿಣ: ಉಸಿರು, ತುಟಿಯ ಬಿಗಿ ಎರಡೂ ಹೋಗಿರುತ್ತವೆ. ಹಾರ್ಮೋನಿಯಂನಲ್ಲಿ ಮನೆ ಒತ್ತಿದರೆ ಸ್ವರ ಅಲ್ಲೇ ಇರುತ್ತದೆ. ಮರಳಬೇಕಾದದ್ದು ಬೆರಳಿನ ಓಟವಷ್ಟೆ. ಪೆಟ್ಟಿಗೆಯ ಕಾಯಿಲೆಗಳೂ ವಾಸಿಯಾಗುವಂಥವೇ. ತಿದಿಯ ಬಟ್ಟೆಯನ್ನು ಇಲಿ ಕಡಿದಿದ್ದರೆ ಹೊಸದು ಅಂಟಿಸಬಹುದು. ಹಿತ್ತಾಳೆ ನಾಲಗೆಗೆ ದೂಳು ಸಿಕ್ಕಿದ್ದರೆ ಆ ಮನೆ ಮೂಕಾಗುತ್ತದೆ, ಒರೆಸಿದರೆ ಮಾತಾಡುತ್ತದೆ. ಶ್ರುತಿ ಕೆಟ್ಟಿದ್ದರೆ ರಿಪೇರಿಯವನು ನಾಲಗೆಯ ತುದಿಯನ್ನು ಕೊಂಚ ಹೆರೆದು ಸ್ವರ ಏರಿಸುತ್ತಾನೆ, ಬುಡವನ್ನು ಹೆರೆದು ಇಳಿಸುತ್ತಾನೆ.

ಇಳಿಯುವುದು ಮನುಷ್ಯನ ಕಂಠ. ಈ ಸೀಮೆಯಲ್ಲಿ ಶ್ರುತಿಯನ್ನು ಹೇಳುವುದೇ ಪೆಟ್ಟಿಗೆಯ ಲೆಕ್ಕದಲ್ಲಿ: ಬಿಳಿ ಒಂದು, ಕಪ್ಪು ಎರಡು, ಬಿಳಿ ನಾಲ್ಕು. ಇಪ್ಪತ್ತೈದರಲ್ಲಿ ಅರ್ಜುನನಾಗಿ ಬಿಳಿ ನಾಲ್ಕರಲ್ಲಿ ಹಾಡಿದವನಿಗೆ ಐವತ್ತೈದರಲ್ಲಿ ಭೀಷ್ಮನ ಪಾತ್ರ ಸಿಕ್ಕಾಗ ಮೇಷ್ಟ್ರು ಎರಡು ಮನೆ ತಗ್ಗಿಸಿ ಹಿಡಿಯುತ್ತಾರೆ. ಯಾರೂ ಅದನ್ನು ಸೋಲೆಂದು ಎಣಿಸುವುದಿಲ್ಲ.

ಮರಳಿ ಕಲಿಯಲು ಹೊರಟವರನ್ನು ಸಾಮಾನ್ಯವಾಗಿ ಸೋಲಿಸುವುದು ಒಂಟಿತನ ಮತ್ತು ಗಡುವಿಲ್ಲದ ಅಭ್ಯಾಸ. ಇಲ್ಲಿ ಎರಡಕ್ಕೂ ಎಡೆಯಿಲ್ಲ. ನಾಟಕದ ದಿನ ಗೊತ್ತಾಗಿರುತ್ತದೆ, ಸೀನರಿಗೆ ಮುಂಗಡ ಕೊಟ್ಟಾಗಿರುತ್ತದೆ. ಪಾತ್ರಧಾರಿಗಳು ಪಾತ್ರಕ್ಕೆ ತಕ್ಕಂತೆ ವಂತಿಗೆ ಹಾಕುತ್ತಾರೆ. ಕೃಷ್ಣ, ದುರ್ಯೋಧನರಿಗೆ ಹೆಚ್ಚು, ದ್ವಾರಪಾಲಕನಿಗೆ ಕಡಿಮೆ. ಸಂಭಾವನೆ ಪಡೆಯುವ ಬದಲು ಹಣ ಕೊಟ್ಟು ರಂಗವೇರುವ ಈ ಪದ್ಧತಿಯನ್ನು ನಗರದ ರಂಗಕರ್ಮಿಗಳು ನಗೆಯಾಡುವುದುಂಟು. ಕೈಯಿಂದ ಹಣ ಹಾಕಿದವನು ಅಭ್ಯಾಸ ತಪ್ಪಿಸುವುದಿಲ್ಲ ಎಂಬುದನ್ನು ಅವರು ಗಮನಿಸಿದಂತಿಲ್ಲ.

ಈಚೆಗೆ ಕೀಬೋರ್ಡ್, ರಿದಂ ಪ್ಯಾಡ್‌ಗಳೂ ರಂಗದ ಬದಿಗೆ ಬಂದಿವೆ. ಗುಂಡಿ ಒತ್ತಿದರೆ ಶ್ರುತಿ ಬದಲಾಗುವ ಅನುಕೂಲ ಅದರಲ್ಲಿದೆ. ಆದರೂ ಪದ್ಯದ ಕೊನೆಯಲ್ಲಿ ನಟನ ಉಸಿರು ಸಾಲದೆ ಬಂದಾಗ ಕಾಲನ್ನು ಒಮ್ಮೆ ಬಿರುಸಾಗಿ ಒತ್ತಿ ಸ್ವರವನ್ನು ಉಬ್ಬಿಸಿ ಅವನನ್ನು ದಡ ಮುಟ್ಟಿಸುವುದು ಹಾರ್ಮೋನಿಯಂ ಮೇಷ್ಟ್ರೇ. ಚಪ್ಪಾಳೆ ಮಾತ್ರ ನಟನಿಗೆ ಸಲ್ಲುತ್ತದೆ.