ಬೇಟೆಮಾಂಸ ದಾನ

ಬೇಟೆಯಾಡಿದ ಜಿಂಕೆಯಂಥ ಪ್ರಾಣಿಗಳ ಮಾಂಸವನ್ನು, ಅದರ ಜೊತೆಗೆ ಸಾಕಿದ ದನ, ಹಂದಿ, ಕುರಿಗಳ ಮಾಂಸವನ್ನು ಬಡ ಕುಟುಂಬಗಳಿಗೆ ಉಚಿತವಾಗಿ ತಲುಪಿಸುವ ಸಂಘಟಿತ ಪದ್ಧತಿ. ಹೊಡೆದ ಪ್ರಾಣಿಯನ್ನು ನೆರೆಹೊರೆಯವರಿಗೆ ಪಾಲು ಹಾಕುವುದು ಬೇಟೆಯಷ್ಟೇ ಹಳೆಯದು. ಆದರೆ ಗುರುತು ಪರಿಚಯವಿಲ್ಲದವರ ಊಟಕ್ಕೆಂದು, ಕಟುಕರ ಅಂಗಡಿ, ಫ್ರೀಜರ್, ದಾನದ ಆಹಾರ ಹಂಚುವ ಫುಡ್ ಬ್ಯಾಂಕ್ ಎಂಬ ಕೊಂಡಿಗಳ ಮೂಲಕ ಸಾಗುವ ದಾನ 1990ರ ದಶಕದ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬೇರೂರಿತು. ಅದರ ಮೂಲವನ್ನು ಬೇಟೆಗಾರರ ಔದಾರ್ಯದಲ್ಲಿ ಹುಡುಕುವುದು ವಾಡಿಕೆ. ಔದಾರ್ಯ ಇದ್ದದ್ದು ನಿಜ, ಆದರೆ ಅದು ಹಿಂದೆಯೂ ಇತ್ತು. ಈ ಪದ್ಧತಿ ಹುಟ್ಟಿದ್ದು ಬೇಟೆಮಾಂಸವನ್ನು ಮಾರಕೂಡದೆಂಬ ಕಾನೂನಿನಿಂದ ಮತ್ತು ಜಿಂಕೆಗಳು ಲೆಕ್ಕ ಮೀರಿ ಹೆಚ್ಚಿದ್ದರಿಂದ. ಇದು ಎಷ್ಟು ಬೆಳೆಯಬಲ್ಲದು ಎಂಬುದನ್ನು ನಿರ್ಧರಿಸುತ್ತ ಬಂದಿರುವುದು ಮಾಂಸದ ಪ್ರಮಾಣವಲ್ಲ, ಅದನ್ನು ಕತ್ತರಿಸಿ ಕಟ್ಟಿಕೊಡುವ ಕೂಲಿಯನ್ನು ಯಾರು ಭರಿಸುತ್ತಾರೆ ಎಂಬ ಪ್ರಶ್ನೆ.

19ನೆಯ ಶತಮಾನದ ಅಮೆರಿಕದಲ್ಲಿ ಬೇಟೆಮಾಂಸ ಪೇಟೆಯ ಸರಕಾಗಿತ್ತು. ರೈಲುಹಾದಿ ಬಂದ ಮೇಲೆ, ಅದರಲ್ಲೂ ಮಂಜುಗಡ್ಡೆ ತುಂಬಿದ ಡಬ್ಬಿಗಳು ಬಂದ ಮೇಲೆ, ಒಳನಾಡಿನ ಜಿಂಕೆ, ಬಾತು, ಪಾರಿವಾಳಗಳು ದೂರದ ನಗರಗಳ ಹೋಟೆಲುಗಳಿಗೆ ರಾಶಿರಾಶಿಯಾಗಿ ಹೋದವು. ಆಕಾಶವನ್ನೇ ಮುಚ್ಚುತ್ತಿದ್ದ ಪ್ಯಾಸೆಂಜರ್ ಪಾರಿವಾಳದ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಬಿಳಿಬಾಲದ ಜಿಂಕೆಗಳ ಸಂಖ್ಯೆ 1900ರ ಹೊತ್ತಿಗೆ ಸುಮಾರು ಐದು ಲಕ್ಷಕ್ಕೆ ಇಳಿದಿತ್ತೆಂದು ಅಂದಾಜು. ಅದೇ ವರ್ಷ ಅಯೋವಾದ ಸಂಸದ ಜಾನ್ ಲೇಸಿ ಮಂಡಿಸಿದ ಕಾಯ್ದೆ, ಒಂದು ರಾಜ್ಯದ ನಿಯಮ ಮುರಿದು ಕೊಂದ ಪ್ರಾಣಿಯನ್ನು ಇನ್ನೊಂದು ರಾಜ್ಯಕ್ಕೆ ಸಾಗಿಸುವುದನ್ನು ಅಪರಾಧವಾಗಿಸಿತು. ರಾಜ್ಯಗಳು ಕಾಡುಪ್ರಾಣಿಯ ಮಾಂಸ ಮಾರಾಟವನ್ನೇ ನಿಲ್ಲಿಸುತ್ತ ಬಂದವು. ಬೇಟೆಗೆ ಪರವಾನಗಿ, ಋತು, ಮಿತಿಗಳು ಬಂದವು. 1937ರ ಪಿಟ್ಮನ್-ರಾಬರ್ಟ್‌ಸನ್ ಕಾಯ್ದೆ ಬಂದೂಕು ಮತ್ತು ಮದ್ದುಗುಂಡಿನ ಮೇಲಿನ ತೆರಿಗೆಯನ್ನು ವನ್ಯಜೀವಿ ಪುನರುಜ್ಜೀವನಕ್ಕೆ ತಿರುಗಿಸಿತು. ಹೀಗೆ ಬೇಟೆಗಾರನ ಕೈಯಲ್ಲಿದ್ದ ಮಾಂಸಕ್ಕೆ ಬೆಲೆಯೇ ಇಲ್ಲದಂತಾಯಿತು. ಅವನು ಅದನ್ನು ತಿನ್ನಬಹುದು, ಇಲ್ಲವೆ ಕೊಡಬಹುದು, ಮಾರುವಂತಿಲ್ಲ.

ಈ ರಕ್ಷಣೆ ನಿರೀಕ್ಷೆಗಿಂತ ಹೆಚ್ಚು ಫಲ ಕೊಟ್ಟಿತು. ತೋಳಗಳು ಬಹುತೇಕ ಕಡೆ ಅಳಿದಿದ್ದವು. ಪಾಳುಬಿದ್ದ ಹೊಲಗಳು ಕುರುಚಲು ಕಾಡಾದವು, ನಗರಗಳ ಅಂಚಿನ ತೋಟಗಳು ಮೇವಿನ ತಾಣಗಳಾದವು. ಶತಮಾನದ ಕೊನೆಗೆ ಬಿಳಿಬಾಲದ ಜಿಂಕೆಗಳು ಸುಮಾರು ಮೂರು ಕೋಟಿಯ ಆಸುಪಾಸಿಗೆ ಬಂದು ನಿಂತವು. ಜೋಳ, ಸೋಯಾ ಬೆಳೆ ಹಾಳಾಯಿತು. ಜಿಂಕೆಗೆ ವಾಹನ ಗುದ್ದುವ ಪ್ರಕರಣಗಳು ವರ್ಷಕ್ಕೆ ಹತ್ತು ಲಕ್ಷ ದಾಟಿದವು. ಜಿಂಕೆಗಳು ಎಳೆ ಸಸಿಗಳನ್ನು ಮೇಯ್ದು ಕಾಡಿನ ತಳವೇ ಬೋಳಾಯಿತು. ಗಂಡು ಜಿಂಕೆಯನ್ನಷ್ಟೇ ಹೊಡೆದರೆ ಹಿಂಡು ಕರಗುವುದಿಲ್ಲ. ಆದ್ದರಿಂದ ವನ್ಯಜೀವಿ ಇಲಾಖೆಗಳು ಹೆಣ್ಣು ಜಿಂಕೆಗಳಿಗೂ ಧಾರಾಳವಾಗಿ ಪರವಾನಗಿ ಕೊಡತೊಡಗಿದವು. ಆದರೆ ಒಂದು ಜಿಂಕೆಯಿಂದ ಸುಮಾರು 20 ಕಿಲೋ ಎಲುಬಿಲ್ಲದ ಮಾಂಸ ಸಿಗುತ್ತದೆ, ಒಂದೆರಡು ಹೊಡೆದರೆ ಮನೆಯ ಫ್ರೀಜರ್ ತುಂಬುತ್ತದೆ. ಮೂರನೆಯದನ್ನು ಹೊಡೆಯಿರಿ ಎಂದು ಇಲಾಖೆ ಕೇಳಿದರೆ, ಅದನ್ನೇನು ಮಾಡಲಿ ಎಂದು ಬೇಟೆಗಾರ ಕೇಳುವುದು ಸಹಜ. ದಾನದ ಪದ್ಧತಿ ಆ ಪ್ರಶ್ನೆಗೆ ಸಿಕ್ಕ ಉತ್ತರ.

ಕೊಡುವುದಕ್ಕೆ ಬೇಕಾದ ಪಾತ್ರೆ ಅಷ್ಟರಲ್ಲಿ ಸಿದ್ಧವಾಗಿತ್ತು. 1967ರಲ್ಲಿ ಅರಿಜೋನದ ಫೀನಿಕ್ಸ್‌ನಲ್ಲಿ ಜಾನ್ ವಾನ್ ಹೆಂಗೆಲ್ ಸ್ಥಾಪಿಸಿದ ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಈ ಬಗೆಯ ಮೊದಲ ಸಂಸ್ಥೆ. ಅದರ ಮಾದರಿ ದೇಶದ ತುಂಬ ಹಬ್ಬಿತು. ಆದರೆ ಫುಡ್ ಬ್ಯಾಂಕುಗಳಿಗೆ ಹೇರಳವಾಗಿ ಬರುತ್ತಿದ್ದುದು ಬ್ರೆಡ್ಡು, ಡಬ್ಬಿಯ ತರಕಾರಿ, ಧಾನ್ಯ. ಮಾಂಸ ದುಬಾರಿ, ಕೆಡುವ ವಸ್ತು, ಬರುವುದೇ ಅಪರೂಪ. 1991ರಲ್ಲಿ ವರ್ಜೀನಿಯದಲ್ಲಿ ‘ಹಂಟರ್ಸ್ ಫಾರ್ ದಿ ಹಂಗ್ರಿ’, ಪೆನ್ಸಿಲ್ವೇನಿಯದಲ್ಲಿ ‘ಹಂಟರ್ಸ್ ಶೇರಿಂಗ್ ದಿ ಹಾರ್ವೆಸ್ಟ್’ ಶುರುವಾದವು. 1996ರ ಅಕ್ಟೋಬರಿನಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಬಿಲ್ ಎಮರ್ಸನ್ ಆಹಾರದಾನ ಕಾಯ್ದೆ, ಒಳ್ಳೆಯ ನಂಬಿಕೆಯಿಂದ ಆಹಾರ ಕೊಟ್ಟವರಿಗೆ ಮೊಕದ್ದಮೆಯಿಂದ ರಕ್ಷಣೆ ನೀಡಿತು, ಘೋರ ನಿರ್ಲಕ್ಷ್ಯಕ್ಕೆ ಮತ್ತು ಬೇಕೆಂದೇ ಮಾಡಿದ ತಪ್ಪಿಗೆ ಮಾತ್ರ ಆ ರಕ್ಷಣೆಯಿಲ್ಲ. ಮರುವರ್ಷ ಮೇರಿಲ್ಯಾಂಡಿನಲ್ಲಿ ರಿಕ್ ವಿಲ್ಸನ್ ‘ಫಾರ್ಮರ್ಸ್ ಅಂಡ್ ಹಂಟರ್ಸ್ ಫೀಡಿಂಗ್ ದಿ ಹಂಗ್ರಿ’ಯನ್ನು ಆರಂಭಿಸಿದರು. ದಾರಿಬದಿಯಲ್ಲಿ ಸತ್ತು ಬಿದ್ದ ಜಿಂಕೆಯನ್ನು ಮಕ್ಕಳಿಗೆ ಉಣಿಸಲೆಂದು ಕಾರಿಗೆ ಹಾಕಲು ಹೆಣಗುತ್ತಿದ್ದ ಹೆಂಗಸೊಬ್ಬಳನ್ನು ಅವರು ಕಂಡದ್ದು ಇದಕ್ಕೆ ಪ್ರೇರಣೆ ಎಂದು ಸಂಸ್ಥೆ ಹೇಳುತ್ತದೆ. ಕೆಲಸದ ಕ್ರಮ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಬೇಟೆಗಾರ ಕರುಳು ತೆಗೆದ ಜಿಂಕೆಯನ್ನು ಒಪ್ಪಂದದ ಕಟುಕನಿಗೆ ಒಪ್ಪಿಸುತ್ತಾನೆ. ಅವನು ಚರ್ಮ ಸುಲಿದು, ಎಲುಬು ಬಿಡಿಸಿ, ಬಹುಪಾಲನ್ನು ಕೈಮಾ ಮಾಡಿ ಪೊಟ್ಟಣ ಕಟ್ಟುತ್ತಾನೆ. ಫುಡ್ ಬ್ಯಾಂಕ್ ಅದನ್ನು ಒಯ್ಯುತ್ತದೆ. ಕಟುಕನ ಕೂಲಿಯನ್ನು ಸಂಸ್ಥೆ ಕೊಡಬೇಕು. ಎಷ್ಟೋ ಕಡೆ ಋತು ಮುಗಿಯುವ ಮೊದಲೇ ಕೂಲಿಯ ಹಣ ಮುಗಿದು ಜಿಂಕೆಗಳನ್ನು ಹಿಂದೆ ಕಳಿಸಬೇಕಾಯಿತು. ಅಯೋವಾ ಇದಕ್ಕೆ 2003ರಲ್ಲಿ ಶುರುವಾದ ತನ್ನ ‘ಹೆಲ್ಪ್ ಅಸ್ ಸ್ಟಾಪ್ ಹಂಗರ್’ ಯೋಜನೆಯಲ್ಲಿ ನೇರ ದಾರಿ ಹುಡುಕಿತು: ಜಿಂಕೆ ಪರವಾನಗಿಯ ಜೊತೆಗೆ ಒಂದು ಡಾಲರ್ ವಸೂಲಿ ಮಾಡಿ ಕಟುಕರಿಗೆ ಕೊಡುವುದು. ಭಾವುಕತೆಯಿಲ್ಲದ ಈ ಏರ್ಪಾಡೇ ಎಲ್ಲಕ್ಕಿಂತ ಜಾಣತನದ್ದು.

ಸಾಕುಪ್ರಾಣಿಗಳ ಮಾಂಸದ ಕಥೆ ಇದೇ ಮಾತನ್ನು ಇನ್ನೊಂದು ಬದಿಯಿಂದ ಹೇಳುತ್ತದೆ. ಮೇರಿಲ್ಯಾಂಡಿನ ಸಂಸ್ಥೆಯ ಹೆಸರಿನಲ್ಲೇ ರೈತರಿದ್ದಾರೆ, ಆದರೂ ಹಂದಿ, ದನಗಳ ದಾನ ಜಿಂಕೆಯಷ್ಟು ಸುಲಭವಾಗಿ ಹರಿಯಲಿಲ್ಲ. ಮೊದಲ ಕಾರಣ, ಅವಕ್ಕೆ ಪೇಟೆಯಲ್ಲಿ ಬೆಲೆಯಿದೆ. ಎರಡನೆಯದು, 1906ರ ಮಾಂಸ ತಪಾಸಣೆ ಕಾಯ್ದೆಯಿಂದ ಬೆಳೆದುಬಂದ ನಿಯಮಗಳ ಪ್ರಕಾರ ದಾನದ ಹಂದಿಯನ್ನೂ ತಪಾಸಣೆಯಿರುವ ಕಸಾಯಿಖಾನೆಯಲ್ಲೇ ಕಡಿಯಬೇಕು. ರೈತ ತನ್ನ ಮನೆಬಳಕೆಗೆ ಸಣ್ಣ ಕಟುಕನಲ್ಲಿ ಕಡಿಸಿದ್ದನ್ನು ಅವನ ಮನೆಯವರು, ಆಳುಗಳು, ಅತಿಥಿಗಳು ತಿನ್ನಬಹುದೇ ಹೊರತು ಹೊರಗೆ ಹಂಚುವಂತಿಲ್ಲ. ತಪಾಸಣೆಯಿಲ್ಲದ ಜಿಂಕೆಯನ್ನು ಹಂಚಬಹುದು, ರೈತ ಸಾಕಿದ ಹಂದಿಯನ್ನು ಹಂಚುವಂತಿಲ್ಲ ಎಂಬ ಈ ವಿಚಿತ್ರ 2020ರಲ್ಲಿ ಬಯಲಿಗೆ ಬಿತ್ತು. ಆ ಏಪ್ರಿಲ್‌ನಲ್ಲಿ ಕೋವಿಡ್ ಹರಡಿ ದಕ್ಷಿಣ ಡಕೋಟದ ಸೂ ಫಾಲ್ಸ್‌ನಲ್ಲಿದ್ದಂಥ ದೊಡ್ಡ ಹಂದಿಮಾಂಸ ಕಾರ್ಖಾನೆಗಳು ಮುಚ್ಚಿದಾಗ, ಫುಡ್ ಬ್ಯಾಂಕುಗಳ ಮುಂದೆ ಕಾರುಗಳ ಸಾಲು ನಿಂತಿತ್ತು, ಅತ್ತ ಹಟ್ಟಿಗಳಲ್ಲಿ ಹಂದಿಗಳನ್ನು ಕೊಂದು ಹೂಳಬೇಕಾಯಿತು. ಅಯೋವಾ ಸರ್ಕಾರ ‘ಪಾಸ್ ದಿ ಪೋರ್ಕ್’ ಯೋಜನೆಯಲ್ಲಿ ಒಂದಷ್ಟು ಹಂದಿಗಳನ್ನು ಫುಡ್ ಬ್ಯಾಂಕುಗಳಿಗೆ ತಿರುಗಿಸಿತು. ಆದರೆ ಸಣ್ಣ ಕಸಾಯಿಖಾನೆಗಳಲ್ಲಿ ತಿಂಗಳುಗಟ್ಟಲೆ ಸರದಿ ತುಂಬಿಹೋಗಿತ್ತು. ಪ್ರಾಣಿಯೂ ಇತ್ತು, ಹಸಿವೂ ಇತ್ತು, ನಡುವೆ ಕತ್ತಿ ಹಿಡಿಯುವ ಕೈ ಸಾಲಲಿಲ್ಲ.

ತಪಾಸಣೆಯಿಲ್ಲದ ಮಾಂಸವನ್ನು ಬಡವರ ತಟ್ಟೆಗೆ ಹಾಕುವುದು ಸರಿಯೇ ಎಂಬುದು ಈ ಪದ್ಧತಿಗೆ ಎದುರಾದ ಅತಿ ಗಂಭೀರ ಆಕ್ಷೇಪ. 2008ರಲ್ಲಿ ಉತ್ತರ ಡಕೋಟದ ವೈದ್ಯರೊಬ್ಬರು ದಾನವಾಗಿ ಬಂದ ಜಿಂಕೆ ಕೈಮಾದ ಪೊಟ್ಟಣಗಳನ್ನು ಸ್ಕ್ಯಾನ್ ಮಾಡಿಸಿದಾಗ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಸೀಸದ ಚೂರುಗಳು ಕಂಡವು. ರಾಜ್ಯದ ಆರೋಗ್ಯ ಇಲಾಖೆ ದಾಸ್ತಾನನ್ನು ಎಸೆಯಲು ಹೇಳಿತು. ಮೂಳೆಗೆ ಬಡಿದ ಸೀಸದ ಗುಂಡು ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಸಿಡಿಯುತ್ತದೆ, ಕೈಮಾ ಯಂತ್ರ ಅದನ್ನು ಇನ್ನಷ್ಟು ಹರಡುತ್ತದೆ. ಅದೇ ವರ್ಷ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ ಆ ರಾಜ್ಯದ 738 ಜನರ ರಕ್ತ ಪರೀಕ್ಷಿಸಿತು. ಬೇಟೆಮಾಂಸ ತಿನ್ನುವವರಲ್ಲಿ ಸೀಸ ತುಸು ಹೆಚ್ಚಿತ್ತು, ಯಾರಲ್ಲೂ ಅದು ಆಗಿನ ಅಪಾಯದ ಗೆರೆ ಮುಟ್ಟಿರಲಿಲ್ಲ. ಇದನ್ನು ಹಿಡಿದು ಆತಂಕ ಸುಳ್ಳೆಂದು ಸಾಧಿಸಿದವರಿದ್ದಾರೆ. ಅವರ ವಾದ ನಿಲ್ಲುವುದಿಲ್ಲ. ಎಳೆಯ ಮಕ್ಕಳಿಗೆ ಸೀಸದ ಸುರಕ್ಷಿತ ಮಟ್ಟವೆಂಬುದೇ ಇಲ್ಲ. ಮಿಗಿಲಾಗಿ, ಬೇಟೆಗಾರ ತನ್ನ ಮಾಂಸದ ಅಪಾಯವನ್ನು ತಾನೇ ಆರಿಸಿಕೊಳ್ಳುತ್ತಾನೆ, ಫುಡ್ ಬ್ಯಾಂಕಿನ ಮುಂದೆ ನಿಂತ ತಾಯಿಗೆ ಆ ಆಯ್ಕೆಯಿಲ್ಲ. ಆದರೆ ಇದಕ್ಕೆ ದಾನ ನಿಲ್ಲಿಸುವುದು ಪರಿಹಾರವಲ್ಲ. ದಾನದ ಪೊಟ್ಟಣಗಳನ್ನು ಎಕ್ಸ್‌ರೇ ಮಾಡುವ ಮಿನೆಸೋಟದ ಕ್ರಮ, ತಾಮ್ರದ ಗುಂಡಿನ ಬಳಕೆ, ಗಾಯದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕಿತ್ತು ಬಿಸಾಡುವುದು, ಇವೇ ಪರಿಹಾರ. ಜಿಂಕೆಗಳ ಮಿದುಳು ಕೊರೆಯುವ, 1967ರಲ್ಲಿ ಕೊಲರಾಡೊದಲ್ಲಿ ಮೊದಲು ಕಂಡ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ರೋಗದ ವಿಷಯವೂ ಹೀಗೆಯೇ. ಅದು ಮನುಷ್ಯರಿಗೆ ತಗುಲಿದ್ದು ಈವರೆಗೆ ಖಚಿತವಾಗಿಲ್ಲ, ಆದರೂ ವಿಸ್ಕಾನ್ಸಿನ್‌ನಂಥ ರಾಜ್ಯಗಳು ರೋಗಪೀಡಿತ ಪ್ರದೇಶದಿಂದ ಬಂದ ದಾನದ ಮಾಂಸವನ್ನು ಪರೀಕ್ಷೆಯ ಫಲಿತಾಂಶ ಬರುವವರೆಗೆ ತಡೆದಿಡುತ್ತವೆ. ಈ ಎಚ್ಚರಿಕೆಗಳೆಲ್ಲ ಕೂಲಿಯ ಲೆಕ್ಕವನ್ನು ಇನ್ನಷ್ಟು ಭಾರ ಮಾಡುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಇದು ಹಸಿವಿನ ನೆವದಲ್ಲಿ ಬೇಟೆಗೆ ಹಚ್ಚಿದ ಸುಣ್ಣಬಣ್ಣ, ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬುದು ಇನ್ನೊಂದು ಆಕ್ಷೇಪ. ಲೆಕ್ಕ ನೋಡಿದರೆ ಎರಡನೆಯ ಮಾತು ನಿಜ. ಬಂದೂಕು ಉದ್ಯಮದ ಸಂಘಟನೆಯೊಂದು 2010ರಲ್ಲಿ ಮಾಡಿಸಿದ ಅಂದಾಜಿನಂತೆ ಬೇಟೆಗಾರರು ವರ್ಷಕ್ಕೆ ಸುಮಾರು 50 ಲಕ್ಷ ಕಿಲೋ ಮಾಂಸ ಕೊಡುತ್ತಾರೆ. ಅದರಲ್ಲಿ ಸಂಸ್ಥೆಗಳ ಮೂಲಕ ಹೋಗುವುದು ಕಾಲುಭಾಗ ಮಾತ್ರ, ಉಳಿದದ್ದು ಕೈಯಿಂದ ಕೈಗೆ. ಲೆಕ್ಕ ಮಾಡಿಸಿದವರಿಗೆ ಸಂಖ್ಯೆ ದೊಡ್ಡದಿರಲಿ ಎಂಬ ಆಸೆ ಇದ್ದಿರಬಹುದು. ಅದನ್ನೇ ಒಪ್ಪಿದರೂ, 2023ರಲ್ಲಿ ಆಹಾರದ ಅಭದ್ರತೆಯ ಮನೆಗಳಲ್ಲಿದ್ದ 4.7 ಕೋಟಿ ಜನರಿಗೆ ಹಂಚಿದರೆ ತಲೆಗೆ ವರ್ಷಕ್ಕೆ ನೂರು ಗ್ರಾಂ. ಸರ್ಕಾರದ ಆಹಾರ ನೆರವು ಅದೇ ವರ್ಷ ತಿಂಗಳಿಗೆ ನಾಲ್ಕು ಕೋಟಿಗೂ ಹೆಚ್ಚು ಜನರನ್ನು ಮುಟ್ಟುತ್ತಿತ್ತು, ಬೇಟೆಮಾಂಸ ಅದಕ್ಕೆ ಬದಲಿಯಾಗದು, ಹಾಗೆಂದು ಹೇಳುವ ರಾಜಕಾರಣಿಯನ್ನು ನಂಬಬೇಕಿಲ್ಲ. ಆದರೆ ಸರಾಸರಿ ಇಲ್ಲಿ ದಾರಿ ತಪ್ಪಿಸುತ್ತದೆ. ಮಾಂಸ ಇಡೀ ದೇಶಕ್ಕೆ ಹರಡುವುದಿಲ್ಲ, ಜಿಂಕೆಗಳಿರುವ ಗ್ರಾಮೀಣ ಜಿಲ್ಲೆಗಳಲ್ಲೇ ಉಳಿಯುತ್ತದೆ. ಒಂದು ಜಿಂಕೆಯ ಮಾಂಸ ಇನ್ನೂರರಷ್ಟು ಊಟಕ್ಕಾಗುತ್ತದೆ, ಸಣ್ಣ ಊರಿನ ದಾಸ್ತಾನಿನಲ್ಲಿ ಹತ್ತು ಜಿಂಕೆ ಎಂದರೆ ಚಳಿಗಾಲದುದ್ದಕ್ಕೂ ಮಾಂಸವಿದೆ ಎಂದರ್ಥ. ಬೇಟೆಯ ನೈತಿಕತೆಯ ಪ್ರಶ್ನೆಯನ್ನು ದಾನ ಬಗೆಹರಿಸುವುದಿಲ್ಲ. ಬೇಟೆ ತಪ್ಪೆನ್ನುವವರಿಗೆ ದಾನದಿಂದ ಅದು ಸರಿಯಾಗದು. ಹೇಗೂ ಕೊಲ್ಲಲ್ಪಡುವ ಪ್ರಾಣಿ ಕೊಳೆಯದಿರಲಿ ಎಂಬಷ್ಟೇ ಅದರ ವಾದ.

ಅಲಾಸ್ಕದಲ್ಲಿ ಈ ವಾದ ಬೇರೆ ತೂಕ ಪಡೆಯುತ್ತದೆ. ಅಲ್ಲಿ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಮೂಸ್ ಎಂಬ ಭಾರಿ ಜಿಂಕೆ ರಾಜ್ಯದ ಸ್ವತ್ತು, ಅದನ್ನು ಕರೆ ಬಂದ ಕೂಡಲೇ ಹೋಗಿ ಕತ್ತರಿಸಿ ತರುವ ಧರ್ಮಸಂಸ್ಥೆಗಳಿಗೆ ಕೊಡುತ್ತಾರೆ. 2014ರ ಕೃಷಿ ಕಾಯ್ದೆ ಮೂಲನಿವಾಸಿಗಳ ಸಾಂಪ್ರದಾಯಿಕ ಆಹಾರವನ್ನು, ದಾನವಾಗಿ ಬಂದ ಬೇಟೆಮಾಂಸವನ್ನೂ ಸೇರಿಸಿ, ಶಾಲೆ, ಆಸ್ಪತ್ರೆ, ವೃದ್ಧರ ಊಟದ ಮನೆಗಳಲ್ಲಿ ಬಡಿಸಲು ಅನುಮತಿಸಿತು. ಭಾರತದಲ್ಲಿ ಇದಕ್ಕೆ ಎಡೆಯಿಲ್ಲ. ಅಮೆರಿಕದ ಕಾನೂನು ಮಾರಾಟವನ್ನು ತಡೆದು ದಾನಕ್ಕೆ ಬಾಗಿಲು ತೆರೆದಿಟ್ಟಿತು, ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನೇ ಬಹುತೇಕ ನಿಷೇಧಿಸುತ್ತದೆ. ಅಕ್ರಮವಾಗಿ ಬೇಟೆಯಾಡಿದ ಕಾಡುಪ್ರಾಣಿ ಇರಲಿ, ಅಪಾಯಕಾರಿಯೆಂದು ಅನುಮತಿ ಪಡೆದು ಕೊಂದದ್ದೇ ಇರಲಿ, ಆ ಕಾಯ್ದೆಯ 39ನೆಯ ಕಲಮಿನ ಪ್ರಕಾರ ಅದು ಸರ್ಕಾರದ ಸ್ವತ್ತು, ಅದರ ಮಾಂಸವನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೂ ಹಂಚುವುದೂ ಅಪರಾಧ.