ಹಿಂದೆ ಬೆಳಕಿಲ್ಲದ ಜೀಪು

ಕೊಡಚಾದ್ರಿಯಂಥ ಘಟ್ಟದ ಮಣ್ಣುದಾರಿಯಲ್ಲಿ ಎದುರಿಗೊಂದು ಗಾಡಿ ಬಂದರೆ ಇಬ್ಬರಲ್ಲಿ ಒಬ್ಬರು ಹಿಂದಕ್ಕೆ ಹೋಗಲೇಬೇಕು. ಹಗಲಾದರೆ ಸರಿ, ಕತ್ತಲಾದರೆ ಹಳೇ ಜೀಪಿನ ಹಿಂದೆ ಏನಿದೆಯೆಂದೇ ತಿಳಿಯುವುದಿಲ್ಲ. ಈ ಕತ್ತಲೆಯ ಕಥೆ ಎರಡನೇ ಮಹಾಯುದ್ಧದಿಂದ ಶುರುವಾಗುತ್ತದೆ.

1941ರಿಂದ 1945ರವರೆಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು 6 ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. ರಾತ್ರಿ ಶತ್ರುವಿಮಾನಕ್ಕೆ ಕಾಣಬಾರದೆಂದು ಅವುಗಳ ಹಿಂದೆ ಸಣ್ಣ ಕಿಂಡಿಯ ಮಂದ ದೀಪ ಇಟ್ಟಿದ್ದರು. ರಿವರ್ಸ್ ಲೈಟ್ ಇರಲೇ ಇಲ್ಲ. ಸಾಮಾನ್ಯವಾಗಿ ಬ್ಯಾಟರಿ ಕೂಡ 6 ವೋಲ್ಟಿನದು.

1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ಮುಂಬೈಯಲ್ಲಿ ವಿಲ್ಲೀಸ್ ಜೀಪು ಜೋಡಿಸತೊಡಗಿತು. ಯುದ್ಧದ ಗಾಡಿ ನಮ್ಮಲ್ಲಿ ತೋಟಕ್ಕೆ, ಸಂತೆಗೆ, ಆಸ್ಪತ್ರೆಗೆ ಓಡಿತು. ಮುಂದೆ 12 ವೋಲ್ಟ್ ಬಂತು, ರಿವರ್ಸ್ ಲೈಟೂ ಬಂತು. ಅದರ ಬಲ್ಬು ಸಾಮಾನ್ಯವಾಗಿ 21 ವ್ಯಾಟ್, ಇಂಡಿಕೇಟರಿನಷ್ಟೇ. ಕೆಸರು ಮೆತ್ತಿದ ಗಾಜಿನೊಳಗಿಂದ ಅದು ಏನು ತೋರಿಸೀತು?

ಈಗ ಹಲವರು ಎಲ್‌ಇಡಿ ಹಾಕಿಸುತ್ತಾರೆ. ಒಳ್ಳೆಯದೇ. ಆದರೆ ದೊಡ್ಡ ದೀಪವನ್ನು ಹಳೇ ತೆಳು ವೈರಿಗೆ ನೇರ ಕೊಟ್ಟರೆ ವೈರು ಬಿಸಿಯಾಗಿ ಸುಡಬಹುದು. ಬ್ಯಾಟರಿಯಿಂದ ಫ್ಯೂಸ್, ರಿಲೇ ಮೂಲಕ ಬೇರೆ ಲೈನ್ ಎಳೆಸಬೇಕು. ಗೇರ್‌ಬಾಕ್ಸಿನ ರಿವರ್ಸ್ ಸ್ವಿಚ್ಚು ರಿಲೇಯನ್ನು ಎಬ್ಬಿಸಿದರೆ ಸಾಕು. ಆಗ ರಿವರ್ಸ್ ಗೇರಿನಲ್ಲಿ ಮಾತ್ರ ದೀಪ ಹತ್ತುತ್ತದೆ, ಹಿಂದೆ ಬರುವವರ ಕಣ್ಣು ಕುಕ್ಕುವುದಿಲ್ಲ. ದೀಪದ ಮುಖ ನೆಲದ ಕಡೆಗಿರಲಿ.

ಅಂದಿನ ಜೀಪಿಗೆ ಶತ್ರುವಿನಿಂದ ಅಡಗಬೇಕಿತ್ತು. ನಮ್ಮ ಅಂಗಳದಲ್ಲಿ ಜೀಪಿನ ಹಿಂದೆ ನಿಂತಿರುವುದು ಮನೆಯ ಮಗುವೇ ಇರಬಹುದು.